ನಿಮಗಿದು ಗೊತ್ತೇ? ಬಿಸಿನೀರಿಗೆ ಇಳಿದರೆ ಬಿಪಿಯೂ ಇಳಿಯುತ್ತದೆ

ಚಿಕ್ಕಮಗಳೂರು, ಕೊಡಗಿನ ರೆಸಾರ್ಟುಗಳಲ್ಲಿ ಜಕೂಝಿ ಎಂಬ ಸುಳಿನೀರಿನ ತೊಟ್ಟಿ ಇರುವ ಕೋಣೆಯೇ ಬೇಕೆಂದು ಕೇಳಿ ಪಡೆಯುವವರು ಈಗ ಕಡಿಮೆಯೇನಿಲ್ಲ. ಅಮೆರಿಕ, ಕೆನಡಾದಲ್ಲಿರುವ ಮಗಳ ಮನೆಗೋ ಮಗನ ಮನೆಗೋ ಹೋದ ಅಪ್ಪ ಅಮ್ಮನಿಗೆ ಹಿತ್ತಿಲಲ್ಲಿ ಹಬೆಯಾಡುವ ಹಾಟ್ ಟಬ್ ಕಾಣುತ್ತದೆ. ‘ಬನ್ನಿ ಅಪ್ಪಾ, ಮೈಕೈ ನೋವೆಲ್ಲ ಇಳಿಯುತ್ತೆ’ ಎಂದು ಮಕ್ಕಳು ಕರೆಯುತ್ತಾರೆ. ಅಪ್ಪನ ಚೀಲದಲ್ಲಿ ಬಿಪಿ ಮಾತ್ರೆ ಇದೆ. ಇಳಿಯಬಹುದೇ, ಬಾರದೇ? ನೀರಲ್ಲಿ ಕೂತಿರುವಾಗ ಮಾತ್ರವಲ್ಲ, ನೀರಿನಿಂದ ಎದ್ದು ನಿಲ್ಲುವ ಅರ್ಧ ನಿಮಿಷದಲ್ಲೂ ದೊಡ್ಡ ಅಪಾಯವಿದೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡು ಮುಂದೆ ಓದಿ.

◆ ‘ಜಕೂಝಿ’ ಎಂಬುದು ಒಂದು ಮನೆತನದ ಹೆಸರು. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಜಕೂಝಿ ಸಹೋದರರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೊದಲು ವಿಮಾನದ ಪ್ರೊಪೆಲರ್ ಮಾಡುತ್ತಿದ್ದರು. 1921ರಲ್ಲಿ ವಿಮಾನ ದುರಂತವೊಂದರಲ್ಲಿ ಸಹೋದರರಲ್ಲೊಬ್ಬ ತೀರಿಕೊಂಡ ಮೇಲೆ ಆ ಉದ್ಯಮ ಬಿಟ್ಟು, ನೀರೆತ್ತುವ ಪಂಪುಗಳಿಗೆ ಕೈಹಾಕಿದರು. ಅವರಲ್ಲಿ ಕಿರಿಯವನಾದ ಕ್ಯಾಂಡಿಡೊನ ಮಗ ಕೆನ್ನೆತ್‌ಗೆ ಎಳೆಯ ವಯಸ್ಸಿನಲ್ಲೇ ಸಂಧಿವಾತ ಬಂತು. ಆಸ್ಪತ್ರೆಯಲ್ಲಿ ಸುಳಿನೀರಿನ ಚಿಕಿತ್ಸೆ ಕೊಟ್ಟಾಗ ಮಗುವಿಗೆ ಹಾಯೆನಿಸುತ್ತಿತ್ತು. ಮನೆಯ ತೊಟ್ಟಿಯಲ್ಲೂ ಅದೇ ಸುಖ ಸಿಗಲೆಂದು ಅಪ್ಪ ತೊಟ್ಟಿಗೆ ಇಳಿಬಿಡುವ ಪಂಪು ಮಾಡಿದ. 1956ರಲ್ಲಿ ಅದು ‘ಜೆ-300’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಪಂಪು ತೊಟ್ಟಿಯೊಳಗೇ ಅಡಕವಾಗಿರುವ ಸ್ನಾನದ ತೊಟ್ಟಿಯನ್ನು ಅದೇ ಕುಟುಂಬದ ಮೂರನೆಯ ತಲೆಮಾರಿನ ರಾಯ್ ಜಕೂಝಿ 1968ರಲ್ಲಿ ತಂದ. ಇಂದು ಶೋಕಿಯ ವಸ್ತುವಾಗಿ ಕಾಣುವ ತೊಟ್ಟಿ ಹುಟ್ಟಿದ್ದು ಒಬ್ಬ ತಂದೆಯ ಸಂಕಟದಿಂದ.

◆ ಹಾಟ್ ಟಬ್‌ನ ನೀರು 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಫ್ಯಾರನ್‌ಹೀಟ್ ಲೆಕ್ಕದಲ್ಲಿ 104. ಈ ಮಿತಿಯ ಬಗ್ಗೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1979ರಲ್ಲೇ ಎಚ್ಚರಿಸಿತ್ತು. 43 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಜನ ಸತ್ತ ಪ್ರಕರಣಗಳು ಅದರ ಗಮನಕ್ಕೆ ಬಂದಿದ್ದವು. 40ಕ್ಕೂ 43ಕ್ಕೂ ನಡುವೆ ಇರುವುದು ಮೂರೇ ಡಿಗ್ರಿ. ಕೈ ಅದ್ದಿ ನೋಡಿ ಆ ವ್ಯತ್ಯಾಸ ಹೇಳುವುದು ಕಷ್ಟ. ಅದಕ್ಕೇ ಇಳಿಯುವ ಮುನ್ನ ತಾಪಮಾಪಕ ನೋಡಬೇಕು.

◆ ಬಿಪಿ ಇರುವವರನ್ನೇ ಹಾಟ್ ಟಬ್‌ನಲ್ಲಿ ಕೂರಿಸಿ ಅಳೆದಿದ್ದಾರೆ. ಕೆನಡಾದ ಸಸ್ಕಾಟೂನ್‌ನ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಬಿಪಿಗೆ ಮಾತ್ರೆ ನುಂಗುತ್ತಿದ್ದ 21 ಮಂದಿ, ಬಿಪಿ ಇಲ್ಲದ 23 ಮಂದಿ. ನೀರು 40 ಡಿಗ್ರಿ, ಕೂತದ್ದು 10 ನಿಮಿಷ. ಬಿಪಿ ಇದ್ದವರ ಮೇಲಿನ ಅಂಕಿ ಸರಾಸರಿ 144ರಿಂದ 122ಕ್ಕೆ ಇಳಿಯಿತು. ಇಲ್ಲದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿತ. ಯಾರಿಗೂ ತಲೆಸುತ್ತು ಬರಲಿಲ್ಲ, ಎದೆನೋವು ಕಾಣಲಿಲ್ಲ. ಬಿಪಿಗೆ ಔಷಧಿ ತೆಗೆದುಕೊಳ್ಳುತ್ತಿರುವ ಬಹುತೇಕ ಮಂದಿಗೆ 10 ನಿಮಿಷದ ಹಾಟ್ ಟಬ್ ಸುರಕ್ಷಿತ ಎಂಬ ತೀರ್ಮಾನಕ್ಕೆ ಆ ವೈದ್ಯರು ಬಂದರು. ಇಲ್ಲಿ ಗಟ್ಟಿಯಾಗಿ ಓದಿಕೊಳ್ಳಬೇಕಾದ ಪದಗಳು ಮೂರು: ‘ಔಷಧಿ’, ‘ಬಹುತೇಕ’, ‘10 ನಿಮಿಷ’. ಬಿಪಿಗೆ ಔಷಧಿ ತೆಗೆದುಕೊಳ್ಳದವರಿಗೆ ಈ ಮಾತು ಅನ್ವಯಿಸದು. ಒಂದು ತಾಸು ಹರಟೆ ಹೊಡೆಯುತ್ತಾ ಕೂರುವವರಿಗೂ ಅನ್ವಯಿಸದು.

◆ ಬಿಪಿ ಇಳಿಯುವುದೇಕೆ? ತಂಪಾದ ಹೊತ್ತಿನಲ್ಲಿ, ಸುಮ್ಮನೆ ಕೂತಾಗ, ಇಡೀ ಚರ್ಮಕ್ಕೆ ಹರಿಯುವ ರಕ್ತ ನಿಮಿಷಕ್ಕೆ ಅರ್ಧ ಲೀಟರಿನೊಳಗೆ. ದೇಹ ತೀರಾ ಕಾದಾಗ ಅದು 6ರಿಂದ 8 ಲೀಟರಿನವರೆಗೂ ಏರಬಲ್ಲದು. ಮೈಯ ಶಾಖವನ್ನು ಹೊರಗೆ ಹಾಕಲು ಚರ್ಮದ ಸಣ್ಣ ರಕ್ತನಾಳಗಳೆಲ್ಲ ಹಿಗ್ಗುತ್ತವೆ. ಕಾಲುವೆ ಅಗಲವಾದರೆ ನೀರಿನ ರಭಸ ತಗ್ಗುವಂತೆ ರಕ್ತದ ಒತ್ತಡವೂ ತಗ್ಗುತ್ತದೆ. ಆ ಕೊರತೆ ತುಂಬಲು ಹೃದಯ ಬೇಗಬೇಗ ಬಡಿಯುತ್ತದೆ. ಬಿಸಿನೀರಲ್ಲಿ ಕೂತವರ ಮುಖ ಕೆಂಪಾಗುವುದು, ಎದೆ ಡವಡವ ಎನ್ನುವುದು ಇದೇ ಕಾರಣಕ್ಕೆ.

◆ ನೀರಿಗೆ ಶಾಖವಷ್ಟೇ ಅಲ್ಲ, ಭಾರವೂ ಇದೆ. ಬಿಪಿಯನ್ನು ಪಾದರಸದ ಕಂಬದ ಎತ್ತರದಲ್ಲಿ ಹೇಳುವುದು ರೂಢಿ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಆ ಲೆಕ್ಕದಲ್ಲಿ 120 ಎಂಬ ಬಿಪಿ ಎಂದರೆ ಸುಮಾರು 163 ಸೆಂಟಿಮೀಟರ್ ಎತ್ತರದ ನೀರಿನ ಕಂಬ. ಒಬ್ಬ ಮನುಷ್ಯನ ಎತ್ತರ! ಹೃದಯ ಪ್ರತಿ ಬಡಿತಕ್ಕೂ ಅಷ್ಟೆತ್ತರದ ನೀರನ್ನು ಹೊರುವಷ್ಟು ಒತ್ತಡ ಹುಟ್ಟಿಸುತ್ತದೆ. ತಿರುಗಿಸಿ ಲೆಕ್ಕ ಹಾಕಿದರೆ, ಒಂದು ಮೀಟರ್ ಆಳದಲ್ಲಿ ನೀರು ನಿಮ್ಮ ಕಾಲನ್ನು ಸುಮಾರು 73ರ ಒತ್ತಡದಲ್ಲಿ ಹಿಂಡುತ್ತಿರುತ್ತದೆ. ಕುತ್ತಿಗೆವರೆಗೆ ನೀರಲ್ಲಿ ಮುಳುಗಿದಾಗ ಕಾಲು, ಹೊಟ್ಟೆಯ ಭಾಗದಿಂದ ಸುಮಾರು 700 ಮಿಲಿಲೀಟರ್ ರಕ್ತ ಎದೆಯ ಕಡೆಗೆ ಸರಿಯುತ್ತದೆ. ಅಂದರೆ ಮುಕ್ಕಾಲು ಲೀಟರಿಗೆ ಹತ್ತಿರ.

◆ ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಮೂತ್ರಕ್ಕೆ ಅವಸರವಾಗುವುದೂ ಅದರಿಂದಲೇ. ಎದೆಗೆ ಬಂದು ಸೇರಿದ ರಕ್ತವನ್ನು ಕಂಡು, ಮೈಯಲ್ಲಿ ನೀರು ಹೆಚ್ಚಾಗಿದೆ ಎಂದು ದೇಹ ಎಣಿಸುತ್ತದೆ. ಮೂತ್ರಪಿಂಡಗಳಿಗೆ ‘ಹೊರಹಾಕು’ ಎಂದು ಸುದ್ದಿ ಹೋಗುತ್ತದೆ. ಮೇಲೆ ತಲೆ, ಮುಖದಿಂದ ಬೆವರೂ ಸುರಿಯುತ್ತಿರುತ್ತದೆ, ನೀರಲ್ಲಿರುವುದರಿಂದ ಗೊತ್ತಾಗುವುದಿಲ್ಲ ಅಷ್ಟೆ. ತೊಟ್ಟಿಗೆ ಇಳಿಯುವ ಮೊದಲು ಒಂದು ಲೋಟ, ಎದ್ದ ಮೇಲೆ ಒಂದು ಲೋಟ ನೀರು ಕುಡಿಯುವುದು ಒಳ್ಳೆಯದು.

◆ ಈಗ ಎದ್ದು ನಿಲ್ಲುವ ಗಳಿಗೆಗೆ ಬನ್ನಿ. ನೆಲದ ಮೇಲೆ ಸುಮ್ಮನೆ ಎದ್ದು ನಿಂತರೂ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ರಕ್ತ ಕಾಲಿಗೂ ಹೊಟ್ಟೆಯ ಕೆಳಭಾಗಕ್ಕೂ ಇಳಿಯುತ್ತದೆ. ಕುತ್ತಿಗೆಯ ದೊಡ್ಡ ರಕ್ತನಾಳಗಳಲ್ಲಿರುವ ಒತ್ತಡದ ಕಾವಲುಗಾರರು ಇದನ್ನು ಒಂದೆರಡು ಬಡಿತದಲ್ಲೇ ಅರಿತು, ಕಾಲಿನ ನಾಳಗಳನ್ನು ಬಿಗಿಸಿ, ಹೃದಯವನ್ನು ಚುರುಕುಗೊಳಿಸುತ್ತಾರೆ. ನಮಗೆ ಏನೂ ಗೊತ್ತಾಗುವುದಿಲ್ಲ. ಆದರೆ ಬಿಸಿನೀರಿನ ತೊಟ್ಟಿಯಿಂದ ಏಳುವಾಗ ಮೂರು ಸಂಗತಿ ಒಟ್ಟಿಗೆ ನಡೆಯುತ್ತವೆ. ಕಾಲನ್ನು ಹಿಂಡಿ ಹಿಡಿದಿದ್ದ ನೀರಿನ ಒತ್ತಡ ಒಮ್ಮೆಲೇ ಬಿಟ್ಟುಹೋಗುತ್ತದೆ. ಶಾಖಕ್ಕೆ ಹಿಗ್ಗಿದ ನಾಳಗಳು ಬಿಗಿಯಾಗಲು ಒಪ್ಪುವುದಿಲ್ಲ. ಬೆವರು, ಮೂತ್ರದಲ್ಲಿ ನೀರಿನಂಶವೂ ಕಡಿಮೆಯಾಗಿರುತ್ತದೆ. ಮಿದುಳಿಗೆ ರಕ್ತ ಸಾಲದೆ ಕಣ್ಣುಕತ್ತಲೆ ಬರುತ್ತದೆ, ಕಾಲು ಸೋಲುತ್ತದೆ, ಒದ್ದೆ ನೆಲದ ಮೇಲೆ ತಲೆ ಬಡಿಯುತ್ತದೆ. ಇಲ್ಲವೇ ನೀರಿನೊಳಕ್ಕೇ ಕುಸಿಯುತ್ತಾರೆ. ಎದ್ದ 3 ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನ ಬಿಪಿ 10 ಇಳಿದರೆ ವೈದ್ಯರು ಅದನ್ನು ಕಾಯಿಲೆಯೆಂದೇ ಎಣಿಸುತ್ತಾರೆ. ವಯಸ್ಸಾದಂತೆ, ಸಕ್ಕರೆ ಕಾಯಿಲೆ ಹಳೆಯದಾದಂತೆ ಆ ಕಾವಲುಗಾರರು ಮಂದವಾಗುತ್ತಾರೆ. ಅರವತ್ತು ದಾಟಿದವರು ಮೊದಲು ತೊಟ್ಟಿಯ ಅಂಚಿನಲ್ಲಿ ಕೂತು, ಕಾಲನ್ನಷ್ಟೇ ನೀರಲ್ಲಿ ಬಿಟ್ಟು, ಒಂದೆರಡು ನಿಮಿಷ ಕಳೆದು, ಆಮೇಲೆ ಹಿಡಿಕೆ ಹಿಡಿದು ಏಳಬೇಕು.

◆ ಬಕೆಟ್ ಸ್ನಾನಕ್ಕೆ ಈ ನೀರಿನ ಹಿಡಿತದ ತಾಪತ್ರಯವಿಲ್ಲ. ಚೊಂಬಿನಿಂದ ಹೊಯ್ದ ನೀರು ಮೈಮೇಲೆ ಹರಿದು ಹೋಗುತ್ತದೆ, ಕಾಲನ್ನು ಹಿಂಡುವುದಿಲ್ಲ. ಆದರೆ ನಾಳ ಹಿಗ್ಗುವುದು ತಪ್ಪಿದ್ದಲ್ಲ. ಮಣೆಯ ಮೇಲೆ ಕೂತು ಬಿಸಿಬಿಸಿ ನೀರು ಹೊಯ್ದುಕೊಂಡು ತಟ್ಟನೆ ಎದ್ದ ಹಿರಿಯರು ಬಚ್ಚಲಲ್ಲಿ ಬೀಳುವುದಕ್ಕೆ ಜಾರುವ ನೆಲವೊಂದೇ ಕಾರಣ ಎಂದುಕೊಳ್ಳಬಾರದು.

◆ ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ‘ನೀರು ತುಂಬುವ ಹಬ್ಬ’. ಹಂಡೆಯನ್ನು ಹುಳಿ ಹಚ್ಚಿ ಬೆಳಗಿ, ಬಳ್ಳಿ ಸುತ್ತಿ, ನೀರು ತುಂಬಿಸಿ, ಮರುದಿನ ಬೆಳಗಿನ ಜಾವ ಎಣ್ಣೆಸ್ನಾನ. ಅಜ್ಜಿಯಂದಿರ ಎಣ್ಣೆಸ್ನಾನಕ್ಕೆ ಒಂದು ಕಟ್ಟುನಿಟ್ಟು ಇತ್ತು: ನೀರು ಹಾಕಿಸಿಕೊಂಡು ಬಂದ ಕೂಡಲೇ ಕಂಬಳಿ ಹೊದ್ದು ಮಲಗಬೇಕು, ಬೆವರು ಬಿಡಬೇಕು, ಆಮೇಲೆ ಬಿಸಿ ಸಾರು ಅನ್ನ. ಬಾಣಂತಿಗಂತೂ ಇದು ತಪ್ಪುವಂತಿರಲಿಲ್ಲ. ಬಿಪಿ ಎಂಬ ಮಾತೇ ತಿಳಿಯದ ಕಾಲದಲ್ಲಿ ಅವರು ಮಾಡಿದ್ದು ಒಂದು ರೀತಿಯಲ್ಲಿ ಸರಿಯಾಗಿತ್ತು. ರಕ್ತನಾಳಗಳು ಹಿಗ್ಗಿ ಒತ್ತಡ ತಗ್ಗಿದ ಹೊತ್ತಿನಲ್ಲಿ ಮಲಗಿದರೆ ಮಿದುಳಿಗೆ ರಕ್ತ ಸುಲಭವಾಗಿ ಸಿಗುತ್ತದೆ. ಸಾರಿನ ಉಪ್ಪು ಮತ್ತು ನೀರು ಬೆವರಿನಲ್ಲಿ ಹೋದದ್ದನ್ನು ತುಂಬಿಕೊಡುತ್ತವೆ. ಬಾಣಂತಿಗೆ ಕುದಿಯುವಷ್ಟು ಬಿಸಿ ನೀರು ಹೊಯ್ಯುವುದನ್ನು ನಾನು ಒಪ್ಪುವುದಿಲ್ಲ. ಆದರೆ ‘ಸ್ನಾನವಾದ ಮೇಲೆ ಮಲಗು’ ಎಂಬ ಅವರ ಮಾತನ್ನು ಕಳೆದುಕೊಂಡದ್ದು ನಮಗೇ ನಷ್ಟ.

◆ ‘ಉಂಡ ಮೇಲೆ ಸ್ನಾನ ಮಾಡಬೇಡ’ ಎಂದು ಹಿರಿಯರು ಗದರುತ್ತಿದ್ದುದಕ್ಕೂ ಅರ್ಥವಿದೆ. ಊಟವಾದ ಮೇಲೆ ರಕ್ತ ಕರುಳಿನ ಕಡೆ ಹರಿಯುತ್ತದೆ. ವಯಸ್ಸಾದವರಲ್ಲಿ ಊಟವೊಂದರಿಂದಲೇ ಬಿಪಿ ಇಳಿಯುವುದುಂಟು. ಅದರ ಮೇಲೆ ಬಿಸಿನೀರೂ ಸೇರಿದರೆ ಇಳಿತ ಇನ್ನೂ ಹೆಚ್ಚಬಹುದು.

◆ ಜಪಾನಿನ ಕುಸಾತ್ಸು ಎಂಬ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ ನೀರು ನೆಲದಿಂದ ಬರುವಾಗಲೇ ಮೈ ಸುಡುವಷ್ಟು ಬಿಸಿ. ತಣ್ಣೀರು ಬೆರೆಸಿದರೆ ಅದರ ಗುಣ ಕೆಡುತ್ತದೆಂದು ಉದ್ದನೆಯ ಹಲಗೆಗಳಿಂದ ಕದಡಿ ಕದಡಿ ಆರಿಸುತ್ತಾರೆ, ಹಾಡು ಹೇಳುತ್ತಾ. ಅಲ್ಲಿಯ ಹಳೆಯ ಸ್ನಾನಪದ್ಧತಿಯಲ್ಲಿ 47 ಡಿಗ್ರಿಯ ಆಸುಪಾಸಿನ ನೀರಿಗೆ ಎಲ್ಲರೂ ಒಟ್ಟಿಗೆ ಇಳಿದು, ಮುಖಂಡನ ಅಪ್ಪಣೆಯಂತೆ ಸರಿಯಾಗಿ 3 ನಿಮಿಷಕ್ಕೆ ಏಳುತ್ತಿದ್ದರು. ಇಳಿಯುವ ಮೊದಲು ಬಾಗಿ ಕೂತು ತಲೆಯ ಹಿಂಭಾಗಕ್ಕೆ 30 ಸಲ ಬಿಸಿನೀರು ಹೊಯ್ದುಕೊಳ್ಳಬೇಕಿತ್ತು. ತಲೆಸುತ್ತು ಬರಬಾರದೆಂದೇ ಆ ನಿಯಮ. ಕಡಿಮೆ ಹೊತ್ತು, ಮೈಗೆ ಮುನ್ಸೂಚನೆ, ಕಾಯುವವನೊಬ್ಬ: ತಲೆತಲಾಂತರದಿಂದ ಬಂದ ಅನುಭವ ಕಲಿಸಿದ ಪಾಠವಿದು. ಆದರೂ ಬಿಪಿ ಇರುವವರಿಗೆ ಅಂಥ ನೀರು ಬೇಡವೇ ಬೇಡ. 42 ಡಿಗ್ರಿ ಮೀರಿದ ನೀರಿಗೆ ಇಳಿದಾಗ ಸುಡುವ ಆಘಾತಕ್ಕೆ ಬಿಪಿ ಮೊದಲು ಜಿಗಿಯುತ್ತದೆ, ಆಮೇಲೆ ಕುಸಿಯುತ್ತದೆ.

◆ ಅದೇ ಜಪಾನಿನಲ್ಲಿ ಸ್ನಾನಕ್ಕೆ ಸಂಬಂಧಿಸಿದ ಸಾವುಗಳು ವರ್ಷಕ್ಕೆ ಸುಮಾರು 19,000 ಎಂದು 2010ರ ದಶಕದ ಆರಂಭದಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯದ ಸಂಶೋಧನಾ ತಂಡ ಅಂದಾಜಿಸಿತು. ಆ ದೇಶದ ರಸ್ತೆ ಅಪಘಾತಗಳಲ್ಲಿ ಸಾಯುವವರು ಇತ್ತೀಚಿನ ವರ್ಷಗಳಲ್ಲಿ 3,000ದ ಒಳಗೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ತೀರಿಕೊಂಡವರಲ್ಲಿ ಬಹುಪಾಲು ವಯಸ್ಸಾದವರು. ತಿಂಗಳು ಬಹುತೇಕ ಚಳಿಗಾಲದ್ದು. ಕೊರೆಯುವ ಚಳಿಯ ಕೋಣೆಯಲ್ಲಿ ಬಟ್ಟೆ ಬಿಚ್ಚಿದಾಗ ನಾಳಗಳು ಬಿಗಿದು ಬಿಪಿ ಏರುತ್ತದೆ. ಕುತ್ತಿಗೆವರೆಗಿನ ಬಿಸಿನೀರಿಗೆ ಇಳಿದಾಗ ಸರ್ರನೆ ಇಳಿಯುತ್ತದೆ. ಈ ಏರಿಳಿತದಲ್ಲಿ ಕೆಲವರ ಹೃದಯ ಸೋಲುತ್ತದೆ, ಕೆಲವರು ಎಚ್ಚರ ತಪ್ಪಿ ಮುಳುಗುತ್ತಾರೆ. ಜಪಾನಿನ ಗ್ರಾಹಕ ವ್ಯವಹಾರಗಳ ಸಂಸ್ಥೆ ಪ್ರತಿ ಚಳಿಗಾಲ ಜನರಿಗೆ ಹೇಳುವುದಿಷ್ಟು: ಸ್ನಾನದ ಕೋಣೆಯನ್ನು ಮೊದಲೇ ಬೆಚ್ಚಗಾಗಿಸಿ, ನೀರು 41 ಡಿಗ್ರಿ ಮೀರದಿರಲಿ, ತೊಟ್ಟಿಯಲ್ಲಿ 10 ನಿಮಿಷಕ್ಕಿಂತ ಹೆಚ್ಚು ಬೇಡ, ತಟ್ಟನೆ ಏಳಬೇಡಿ, ಊಟವಾದ ಕೂಡಲೇ ಬೇಡ, ಕುಡಿದು ಇಳಿಯಬೇಡಿ, ಮನೆಯವರಿಗೆ ಹೇಳಿ ಹೋಗಿ. ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲು ಮನೆಯಿಂದಾಚೆ ಹಿತ್ತಿಲಲ್ಲಿರುತ್ತದೆ. ಮಾಗಿಯ ಬೆಳಗಿನಲ್ಲಿ ಅಲ್ಲಿಗೆ ನಡೆದು ಹೋಗುವ ಅಜ್ಜನಿಗೂ ಈ ಮಾತುಗಳು ಅಕ್ಷರಶಃ ಸಲ್ಲುತ್ತವೆ.

◆ ಹಾಗಾದರೆ ಜಪಾನೀಯರು ತೊಟ್ಟಿಸ್ನಾನ ಬಿಡಬೇಕೇ? ಇನ್ನೊಂದು ಲೆಕ್ಕವೂ ಇದೆ. 1990ರಿಂದ 2009ರವರೆಗೆ ಸುಮಾರು 30,000 ಮಧ್ಯವಯಸ್ಕರ ಆರೋಗ್ಯವನ್ನು ಹಿಂಬಾಲಿಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ತೊಟ್ಟಿಸ್ನಾನ ಮಾಡುವವರಿಗೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಬರುವ ಸಂಭವ, ವಾರಕ್ಕೆ ಎರಡು ಸಲವೋ ಅದಕ್ಕಿಂತ ಕಡಿಮೆಯೋ ಮಾಡುವವರಿಗಿಂತ ಶೇ 28ರಷ್ಟು ಕಡಿಮೆ ಕಂಡಿತು. ಪಾರ್ಶ್ವವಾಯುವಿನಲ್ಲಿ ಶೇ 26. ದಿನಾ ನೆಮ್ಮದಿಯಿಂದ ಸ್ನಾನ ಮಾಡುವಷ್ಟು ಬಿಡುವು, ಆರೋಗ್ಯ ಇರುವವರು ಮೊದಲೇ ಗಟ್ಟಿಮುಟ್ಟಾಗಿದ್ದಿರಬಹುದು. ಇಂಥ ಅಧ್ಯಯನಕ್ಕೆ ಆ ಮಿತಿ ಇದ್ದೇ ಇದೆ.

◆ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ವ್ಯಾಯಾಮದ ಅಭ್ಯಾಸವಿಲ್ಲದ ಆರೋಗ್ಯವಂತ ತರುಣ ತರುಣಿಯರನ್ನು 8 ವಾರ, ವಾರಕ್ಕೆ ನಾಲ್ಕೈದು ದಿನ, 40.5 ಡಿಗ್ರಿಯ ಹಾಟ್ ಟಬ್‌ನಲ್ಲಿ ಕೂರಿಸಿದರು. 2016ರಲ್ಲಿ ಬಂದ ಫಲಿತಾಂಶ: ರಕ್ತನಾಳಗಳ ಬಿಗಿತ ತಗ್ಗಿತ್ತು, ಬಿಪಿಯೂ ತುಸು ಇಳಿದಿತ್ತು. ಅವರು ಪಳಗಿದವರ ಕಣ್ಗಾವಲಿನಲ್ಲಿ ಕೂತವರು. ಮನೆಯಲ್ಲಿ ಅದನ್ನು ಅನುಕರಿಸಲು ಹೋಗಬೇಡಿ.

◆ ಫಿನ್‌ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ, ಸೌನಾಗಳು (ಬಿಸಿಗಾಳಿಯಲ್ಲಿ ಕೂತು ಬೆವರುವ ಕೋಣೆಗಳು) ಸುಮಾರು 30 ಲಕ್ಷ. ಅಲ್ಲಿನ ಸೌನಾ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಆ ದೇಶದ ಪೂರ್ವಭಾಗದ 1,621 ಗಂಡಸರನ್ನು ದೀರ್ಘಕಾಲ ಗಮನಿಸಿದ ಅಧ್ಯಯನ 2017ರಲ್ಲಿ ಬಂತು. ವಾರಕ್ಕೆ 4ರಿಂದ 7 ಸಲ ಸೌನಾದಲ್ಲಿ ಕೂರುವವರಿಗೆ ಬಿಪಿ ಬರುವ ಸಂಭವ, ವಾರಕ್ಕೊಮ್ಮೆ ಕೂರುವವರಿಗಿಂತ ಶೇ 47ರಷ್ಟು ಕಡಿಮೆ.

◆ 80 ಡಿಗ್ರಿಯ ಸೌನಾದಲ್ಲಿ ಕೂರಬಹುದು, 45 ಡಿಗ್ರಿಯ ನೀರಲ್ಲಿ ಕೂರಲಾಗದು. ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಸೌನಾದಲ್ಲಿ ಬೆವರು ಆರಿ ಮೈ ತಣಿಯುತ್ತದೆ. ನೀರಿನೊಳಗೆ ಬೆವರು ಆರುವುದೇ ಇಲ್ಲ. ಆದ್ದರಿಂದ ದೇಹದ ಒಳತಾಪವನ್ನು ಏರಿಸುವುದರಲ್ಲಿ ಹಾಟ್ ಟಬ್ ಸೌನಾವನ್ನು ಮೀರಿಸುತ್ತದೆ.

◆ ಬಿಸಿ ತೊಟ್ಟಿಯಿಂದೆದ್ದು ಐಸ್ ನೀರಿಗೆ ಧುಮುಕುವ ಹೊಸ ಶೋಕಿ ಈಗ ಬೆಂಗಳೂರಿಗೂ ಬಂದಿದೆ. ಒಂದು ಕೈಯನ್ನು ಒಂದೇ ನಿಮಿಷ ಮಂಜುಗಡ್ಡೆಯ ನೀರಿನಲ್ಲಿಟ್ಟರೂ ಬಿಪಿ ಏರುತ್ತದೆ. ವೈದ್ಯಶಾಸ್ತ್ರ ಇದನ್ನು 1930ರ ದಶಕದಿಂದಲೂ ಪರೀಕ್ಷೆಯಾಗಿ ಬಳಸುತ್ತಿದೆ. ಇಡೀ ಮೈಗೆ ಆ ಆಘಾತ ಕೊಡುವುದು ಬಿಪಿ, ಹೃದಯದ ತೊಂದರೆ ಇರುವವರಿಗೆ ಸಲ್ಲದು.

◆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ, ಪ್ರಾಸ್ಟೇಟ್ ತೊಂದರೆಗೂ ಬಿಪಿಗೂ ಕೊಡುವ ಆಲ್ಫಾ ಬ್ಲಾಕರ್, ಅಮ್ಲೋಡಿಪಿನ್‌ನಂಥವು ರಕ್ತನಾಳ ಹಿಗ್ಗಿಸಿ ಕೆಲಸ ಮಾಡುತ್ತವೆ. ಬಿಸಿನೀರೂ ಅದನ್ನೇ ಮಾಡುತ್ತದೆ. ಮೂತ್ರ ಹೋಗಿಸುವ ಮಾತ್ರೆ ಮೈಯ ನೀರು ಇಳಿಸುತ್ತದೆ, ಬೆವರೂ ಅಷ್ಟೇ. ಬೀಟಾ ಬ್ಲಾಕರ್ ಹೃದಯದ ಬಡಿತವನ್ನು ತಡೆದು ಹಿಡಿಯುವುದರಿಂದ, ಬಿಪಿ ಇಳಿದಾಗ ಹೃದಯ ಬೇಕಾದಷ್ಟು ಚುರುಕಾಗದು. ಮಾತ್ರೆ ನುಂಗಿದ ಒಂದೆರಡು ತಾಸಿನೊಳಗೆ ತೊಟ್ಟಿಗೆ ಇಳಿಯದಿರುವುದು ಲೇಸು. ಹಾಗೆಂದು ಸ್ನಾನಕ್ಕಾಗಿ ಮಾತ್ರೆ ತಪ್ಪಿಸುವುದು ಖಂಡಿತ ಕೂಡದು. ಇತ್ತೀಚೆಗೆ ಹೃದಯಾಘಾತವಾದವರು, ನಡೆದರೆ ಎದೆನೋವು ಬರುವವರು, ಹೃದಯದ ಕವಾಟ ಕಿರಿದಾಗಿರುವವರು ವೈದ್ಯರನ್ನು ಕೇಳದೆ ಇಳಿಯಲೇಬಾರದು.

◆ ಮದ್ಯವೂ ರಕ್ತನಾಳ ಹಿಗ್ಗಿಸುತ್ತದೆ, ಮೂತ್ರ ಹೆಚ್ಚಿಸುತ್ತದೆ, ನಿದ್ದೆ ತರುತ್ತದೆ. ತೊಟ್ಟಿಯ ಅಂಚಿನಲ್ಲಿ ಗ್ಲಾಸು ಇಟ್ಟುಕೊಂಡ ಜಾಹೀರಾತಿನ ಚಿತ್ರಗಳಷ್ಟು ತಪ್ಪು ದಾರಿ ತೋರಿಸುವುದು ಬೇರೆ ಇಲ್ಲ.

◆ ಗರ್ಭಿಣಿಯರು ಹಾಟ್ ಟಬ್‌ನಿಂದ ದೂರವಿರಬೇಕು. ದೇಹದ ಒಳತಾಪ 39 ಡಿಗ್ರಿ ದಾಟಿದರೆ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು, ಬೆನ್ನುಹುರಿ ರೂಪುಗೊಳ್ಳುವಲ್ಲಿ ದೋಷ ಉಂಟಾಗುವ ಸಂಭವ ಹೆಚ್ಚುತ್ತದೆ. ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭಧರಿಸಿದ ನಾಲ್ಕು ವಾರದೊಳಗೆ. ಎಷ್ಟೋ ತಾಯಂದಿರಿಗೆ ಬಸಿರು ತಿಳಿಯುವ ಮೊದಲೇ. 5 ವರ್ಷದೊಳಗಿನ ಮಕ್ಕಳಿಗೂ ಬೇಡ.

◆ ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಗಂಧಕದ ಬಿಸಿನೀರಿನ ಬುಗ್ಗೆಯಿದೆ. ಹೆಸರು ಬೆಂದ್ರು ತೀರ್ಥ. ತುಳುವಿನಲ್ಲಿ ‘ಬೆಂದ್ರ್’ ಎಂದರೆ ಬಿಸಿನೀರು. ಹಳಗನ್ನಡದ ‘ಬೆನ್ನೀರ್’ ಅದರ ಅಕ್ಕ.

◆ ಬಿಸಿನೀರಿನ ಸ್ನಾನ ಮಾಡಿ ಬಂದ ಕೂಡಲೇ ಬಿಪಿ ಅಳೆದು ‘ಕಡಿಮೆಯಾಗಿದೆ’ ಎಂದು ಸಮಾಧಾನಪಡಬೇಡಿ. ಆ ಇಳಿತ ತಾತ್ಕಾಲಿಕ. ಮೈ ತಣಿದ ಮೇಲೆ, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂತು ಅಳೆಯಿರಿ.

◆ 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5ರಷ್ಟು ಮಂದಿಗೆ ಬಿಪಿ ಇದೆ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು.

◆ ಬಚ್ಚಲಲ್ಲಿ ಕುಸಿದು ಬಿದ್ದವರೆಲ್ಲ ಬಿಪಿಯಿಂದಲೇ ಬಿದ್ದರೆಂದು ತಿಳಿಯಬೇಡಿ. ಗಾಳಿಯಾಡದ ಕೋಣೆಯಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಟ್ಟಿಮುಟ್ಟಾದ ತರುಣರೂ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತಾರೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಲಿ, ಕಿಟಕಿ ತೆರೆದಿರಲಿ.

ಈ ಅಂಕಣ ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಮನೆಯ ಬಚ್ಚಲಿನ ಗೋಡೆಗೆ ಒಂದು ಗಟ್ಟಿ ಹಿಡಿಕೆ ಹಾಕಿಸಿ. ಬಿಪಿ ಇರುವ ನಿಮ್ಮ ಅಪ್ಪ, ಅಮ್ಮ, ಅಜ್ಜ, ಅಜ್ಜಿಗೆ ಸ್ನಾನಕ್ಕೆ ಹೋಗುವಾಗ ಬಾಗಿಲು ಮುಂದೆ ಮಾಡಿಕೊಂಡರೆ ಸಾಕು, ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಬೇಡ ಎಂದು ಹೇಳಿ.